ಮುಂದಿನ ಪಂದ್ಯದವರೆಗೆ ಬಾವುಟ

ಮಾರ್ಲೋ ಕಾಲೇಜು ಕಡಲತೀರದ ಕಾಲೇಜುಗಳ ಸಾಗರ ಕ್ರೀಡಾ ಒಕ್ಕೂಟ ಸೇರುತ್ತದಂತೆ ಎಂಬ ಸುದ್ದಿ ಬಂದಾಗ ಅಮೆರಿಕದ ನಡುನಾಡು ಅಯೋವಾದ ಆ ಸೀಮೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎತ್ತ ನೋಡಿದರೂ ಮುಸುಕಿನ ಜೋಳ. ಸಮುದ್ರ ಕಾಣಬೇಕೆಂದರೆ ದಿನಗಟ್ಟಲೆ ಕಾರು ಓಡಿಸಬೇಕು. ಆದರೇನು, ಟಿವಿಯವರು ದುಡ್ಡು ಸುರಿಯುತ್ತೇವೆ ಅಂದರೆ ಕಾಲೇಜುಗಳಿಗೆ ಭೂಗೋಳ ಮರೆತೇ ಹೋಗುತ್ತದೆ. ಲೆಕ್ಕವಂತೂ ಮೊದಲೇ ಮರೆತಿತ್ತು. ಅವರ ಹಳೆಯ ಒಕ್ಕೂಟದ ಹೆಸರು 'ಬಯಲಿನ ಎಂಟು', ಅದರಲ್ಲಿದ್ದ ಕಾಲೇಜುಗಳು ಹನ್ನೊಂದು.

ನಗದವಳೆಂದರೆ ವರ್ನಾ ಸ್ಟಕಿ ಒಬ್ಬಳೇ. ಟಿಲ್ಡನ್ ಊರಿನ ಹೆಂಗಸರ ಕೂದಲು ಕತ್ತರಿಸುತ್ತಲೇ ಮುದುಕಿಯಾದವಳು, ಟಿಲ್ಡನ್ ಕಾಲೇಜಿನ ಹಸಿರು ಅಂಗಿ ಬಿಟ್ಟು ಶನಿವಾರ ಬೇರೇನೂ ತೊಟ್ಟವಳಲ್ಲ. ಅವಳ ಅಕ್ಕ ಲೊರೀನ್ ಮಾತ್ರ ಮದುವೆಯಾಗಿ ಹೊಳೆಯಾಚೆಯ ಮಾರ್ಲೋಗೆ, ಅಂದರೆ ಶತ್ರುಪಾಳಯಕ್ಕೆ ಹೋದಳು. ಅಕ್ಕನ ಗಂಡ ಡೆಲ್ಬರ್ಟ್, ಎಲ್ಲರ ಬಾಯಲ್ಲಿ ಡೆಲ್, ಮಾರ್ಲೋದ ಕಿತ್ತಳೆ ಬಣ್ಣದ ಟೋಪಿಯಲ್ಲೇ ಚರ್ಚಿಗೆ ಬರುವ ಆಸಾಮಿ. ಎರಡು ಕಾಲೇಜುಗಳ ಪಂದ್ಯ ಬಂದಾಗಲೆಲ್ಲ ತಂಗಿಗೂ ಗಂಡನಿಗೂ ನಡೆಯುವ ಕಿತ್ತಾಟ ತಾಳಲಾರದೆ ಲೊರೀನ್ ಒಂದು ಕಟ್ಟಳೆ ಮಾಡಿದ್ದಳು: ಸೋತವರ ಬಾಗಿಲ ಮೇಲೆ ಗೆದ್ದವರ ಬಾವುಟ, ಮುಂದಿನ ಪಂದ್ಯದವರೆಗೆ. ಗೆದ್ದವರೇ ಬಂದು ಕಟ್ಟಬೇಕು. ಬಂದವರಿಗೆ ಸೋತವರು ಬಿಸಿ ಚಿಲಿ, ಅಂದರೆ ಮಾಂಸ ಕಾಳು ಹಾಕಿದ ಖಾರದ ಗೊಜ್ಜು, ಬಡಿಸಿ, ಜೊತೆಗೆ ದಾಲ್ಚಿನ್ನಿ ರೋಲ್ ಎಂಬ ಸಿಹಿ ಬನ್ನು ಕೊಡಬೇಕು. ಲೊರೀನ್ ತೀರಿಕೊಂಡ ಮೇಲೂ ಇಬ್ಬರೂ ಅದನ್ನು ಬಿಟ್ಟಿರಲಿಲ್ಲ.

ಮಾರ್ಲೋ ಹಳೆಯ ಒಕ್ಕೂಟವನ್ನು ಬಿಡುವ ಮುಂಚಿನ ಕೊನೆಯ ಫುಟ್‌ಬಾಲ್ ಪಂದ್ಯದಲ್ಲಿ ಟಿಲ್ಡನ್ ಹುಡುಗ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಬಿತ್ತು, ಟಿಲ್ಡನ್ ಸೋತಿತು. ಮರುದಿನ ಡೆಲ್ ಪಿಕಪ್ ಗಾಡಿಯಲ್ಲಿ ಏಣಿ ತಂದು, ವರ್ನಾಳ ಬಾಗಿಲ ಮೇಲೆ ಕಿತ್ತಳೆ ಬಾವುಟ ಕಟ್ಟಿದ.

"ಮುಂದಿನ ಪಂದ್ಯಾನೇ ಇಲ್ವಲ್ಲ ವರ್ನಾ. ಇನ್ನು ನೀನಿರೋವರೆಗೂ ಇದು ಇಲ್ಲೇ," ಅಂದ.

"ನಿಮ್ಮ ಹುಡುಗರಿಗೆ ಮೀನು ಹಿಡಿಯೋದನ್ನೂ ಕಲಿಸ್ತಾರಂತೆ, ಹೌದಾ?" ಅಂದಳು.

ಡೆಲ್ ನಗಲಿಲ್ಲ. ತಲೆ ತಗ್ಗಿಸಿ ಚಿಲಿ ತಿಂದ, ಏಣಿಯನ್ನು ಹಗ್ಗದಿಂದ ಗಾಡಿಗೆ ಬಿಗಿದ, ಹೊರಟುಹೋದ. ಇನ್ನು ಇವನು ಬರುವುದಕ್ಕೆ ನೆಪವೇ ಇಲ್ಲ ಎಂದು ವರ್ನಾಳಿಗೆ ಹೊಳೆದದ್ದು ಆಗ. ಸುಮ್ಮನೆ ಬಂದು ಹೋಗು ಅನ್ನಬಹುದಿತ್ತು. ಆದರೆ ಜಗಳವಾಡಿಯೇ ಬಳಕೆಯಾದವರಿಗೆ ಹಾಗೆ ಕರೆಯಲು ನಾಲಿಗೆ ಹೊರಳುವುದಿಲ್ಲ. ಅಕ್ಕನ ಬಗ್ಗೆ ಮಾತಾಡಲು ಅವಳಿಗೆ ಉಳಿದಿದ್ದವನು ಅವನೊಬ್ಬನೇ. ಅವಳಿಗೆ ಅಳು ಬಂತು, ಬಾವುಟದ ಮೇಲೆ ಸಿಟ್ಟೂ ಬಂತು.

ಬೇಸಿಗೆಯ ಬಿಸಿಲಿಗೆ ಬಾವುಟ ಬಣ್ಣಗೆಟ್ಟಿತು. ಪಕ್ಷ ಬದಲಾಯಿಸಿದೆಯಾ ಎಂದು ಅಂಚೆಯವನು ದಿನಾ ಕೆಣಕಿದ. ಪ್ರತಿ ವರ್ಷ ಮಾರ್ಲೋ ಪಂದ್ಯ ನಡೆಯುತ್ತಿದ್ದ ಶನಿವಾರ ಪಂದ್ಯವಿಲ್ಲದೆ ಬಂದಾಗ ವರ್ನಾ ಅಭ್ಯಾಸಬಲದಿಂದ ಪಾತ್ರೆ ತುಂಬ ಚಿಲಿ ಮಾಡಿ, ಒಂದು ಬಟ್ಟಲೂ ಖಾಲಿ ಮಾಡಲಾರದೆ ಕುಳಿತಳು.

ಚಳಿಗಾಲದಲ್ಲಿ ಕಾರ್ಲೀ ಎಂಬ ಟಿಲ್ಡನ್ ಕಾಲೇಜಿನ ಹುಡುಗಿ ಕೂದಲು ಕತ್ತರಿಸಿಕೊಳ್ಳಲು ಅವಳ ಅಡುಗೆಮನೆಗೆ ಬಂದಳು. ಬೌಲಿಂಗ್ ತಂಡದವಳು, ಭಾರದ ಚೆಂಡು ಉರುಳಿಸಿ ಹತ್ತು ಗೂಟ ಕೆಡವುವ ಆಟ. ಶನಿವಾರ ಮಾರ್ಲೋ ಮೇಲೆ ಪಂದ್ಯವಿದೆ ಎಂದಳು. ಅವರು ಸಮುದ್ರಕ್ಕೆ ಹೋದರಲ್ಲ ಎಂದು ವರ್ನಾ ಕೇಳಿದಳು. ಸಾಗರ ಒಕ್ಕೂಟದಲ್ಲಿ ಬೌಲಿಂಗೇ ಇಲ್ಲ, ಹಾಗಾಗಿ ಮಾರ್ಲೋದ ಬೌಲಿಂಗ್ ಹುಡುಗಿಯರಷ್ಟೇ ಹಳೆಯ ಒಕ್ಕೂಟದಲ್ಲಿ ಉಳಿದಿದ್ದಾರೆ ಎಂದು ಹುಡುಗಿ ವಿವರಿಸಿದಳು.

ವರ್ನಾ ಅರ್ಧ ಕತ್ತರಿಸಿದ ತಲೆಯನ್ನು ಅಲ್ಲೇ ಬಿಟ್ಟು ಫೋನಿಗೆ ಓಡಿದಳು.

"ಡೆಲ್, ಲೊರೀನ್ ಹೇಳಿದ್ದರಲ್ಲಿ ಫುಟ್‌ಬಾಲ್ ಅನ್ನೋ ಮಾತು ಇತ್ತಾ?"

"ಮುಂದಿನ ಪಂದ್ಯ ಅಂದಿದ್ಲು. ಅಷ್ಟೇ," ಅಂದ ಅವನು. "ಯಾಕೆ?"

ಶನಿವಾರ ಬೆಳಿಗ್ಗೆ ಬೌಲಿಂಗಿನ ಸಣ್ಣ ಸಭಾಂಗಣದಲ್ಲಿ ಹೆತ್ತವರು ಸಭ್ಯವಾಗಿ ಚಪ್ಪಾಳೆ ತಟ್ಟುತ್ತಿದ್ದರೆ, ಹಸಿರು ಅಂಗಿಯ ಮುದುಕಿಯೂ ಕಿತ್ತಳೆ ಟೋಪಿಯ ಮುದುಕನೂ ಗಂಟಲು ಹರಿದುಕೊಂಡರು. ಆಟದ ನಿಯಮ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಟಿಲ್ಡನ್ ಒಂದೇ ಒಂದು ಗೂಟದಿಂದ ಸೋತಿತು. ಸೋತು ಇಷ್ಟು ಖುಷಿಪಟ್ಟದ್ದು ವರ್ನಾಳ ಆಯುಷ್ಯದಲ್ಲಿ ಅದೇ ಮೊದಲು. ಕಾರ್ಲೀಯ ಮುಂದೆ ಮಾತ್ರ ಮುಖ ಸಪ್ಪಗೆ ಮಾಡಿಕೊಂಡಳು.

ಮಧ್ಯಾಹ್ನ ಡೆಲ್ ಹೊಸ ಬಾವುಟ ತಂದು ಕಟ್ಟಿದ. ಎರಡು ಬಟ್ಟಲು ಚಿಲಿ ತಿಂದ. ಲೊರೀನ್ ಒಮ್ಮೆ ಬೌಲಿಂಗ್ ಆಡಲು ಹೋಗಿ ಚೆಂಡನ್ನು ಪಕ್ಕದವರ ಸಾಲಿಗೆ ಉರುಳಿಸಿ, ಬಿದ್ದ ಗೂಟಗಳೆಲ್ಲ ತನ್ನವೇ ಎಂದು ಹಟ ಹಿಡಿದದ್ದನ್ನು ಹೇಳಿದ. ವರ್ನಾಳಿಗೆ ಅದು ಗೊತ್ತೇ ಇರಲಿಲ್ಲ. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು.

ಅವನು ಗಾಡಿ ಹತ್ತುವಾಗ ಏಣಿ ಜಗುಲಿಗೆ ಒರಗಿಕೊಂಡೇ ಇತ್ತು.

"ಏಣಿ ಮರ್ತೆಯಲ್ಲೋ," ಎಂದು ಕೂಗಿದಳು.

"ಮರ್ತಿಲ್ಲ. ಈ ಹುಡುಗೀರು ಮುಂದಿನ ತಿಂಗಳು ಮತ್ತೆ ಆಡ್ತಾರಂತೆ. ಪ್ರತಿ ಸಲ ಯಾರು ಹೊತ್ಕೊಂಡು ಬರ್ತಾರೆ?"

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ವರ್ನಾ ಏಣಿಯನ್ನು ಹಿಮ ಬೀಳದ ಕಡೆಗೆ ಸರಿಸಿ ನಿಲ್ಲಿಸಿದಳು.