ಗ್ಯಾರೇಜಿನ ಚಳಿಗೆ ಅಮ್ಮನ ಫ್ರಿಜ್ಜು

ಮಿನೆಸೋಟದ ಉತ್ತರದಲ್ಲಿ ನವೆಂಬರ್ ಬಂತೆಂದರೆ ಮನೆಮನೆಯಲ್ಲೂ ಒಂದೇ ಪೇಚಾಟ: ಬೇಟೆಯಾಡಿ ತಂದ ಜಿಂಕೆ ಮಾಂಸ ಇಡುವುದೆಲ್ಲಿ? ರೌನೊ ಮಾತ್ರ ನಿಶ್ಚಿಂತ. ತೀರಿಹೋದ ಅಮ್ಮನ ಹಳೇ ಫ್ರಿಜ್ಜನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ್ದ. ಅದರ ಬಾಗಿಲು ತೆಗೆದಾಗಲೆಲ್ಲ ಅಮ್ಮ ತಣ್ಣನೆ ಹಾಲಿನ ಜೊತೆ ಬ್ಲೂಬೆರಿ ಪೈ ಕೊಡುತ್ತಿದ್ದ ಭಾನುವಾರಗಳು ನೆನಪಾಗಿ ಅವನ ಜೀವ ಹಗುರಾಗುತ್ತಿತ್ತು. ಆ ಫ್ರಿಜ್ಜಿನ ಬಗ್ಗೆ ಯಾರು ಏನಂದರೂ ಅವನಿಗೆ ಕೋಪ ಮೂಗಿನ ತುದಿಯಲ್ಲೇ.

ಈ ಸಲದ್ದು ಮಗಳು ಕಿರ್ಸ್ತಿ ಹೊಡೆದ ಮೊದಲ ಜಿಂಕೆ. ಕ್ರಿಸ್‌ಮಸ್‌ಗೆ ಬರುವ ನೆಂಟರಿಗೆಲ್ಲ ಅದನ್ನೇ ಬಡಿಸಬೇಕೆಂದು ಅವಳಿಗೆ ಆಸೆ. ಪೊಟ್ಟಣ ಕಟ್ಟಿ ಫ್ರಿಜ್ಜಿನ ಮೇಲಿನ ಫ್ರೀಜರ್ ಖಾನೆಯಲ್ಲಿ ತಾನೇ ಜೋಡಿಸಿದಳು.

ಮಾಂಸ ಅರೆಯುವ ಯಂತ್ರ ವಾಪಸು ಕೊಡಲು ಬಂದ ಪಕ್ಕದ ಮನೆಯ ಆಯ್ಲಿ ಅದನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಹೋದ ವಸಂತದಲ್ಲಿ ಅವಳ ಮನೆ ಮಾಂಸ ಹೀಗೇ ಗ್ಯಾರೇಜಿನ ಫ್ರಿಜ್ಜಿನಲ್ಲಿ ಕೆಟ್ಟು ಮಣ್ಣುಪಾಲಾಗಿತ್ತು.

"ರೌನೊ, ಇದನ್ನ ಇಲ್ಲಿಡಬೇಡ. ಮಾಂಸ ಕರಗುತ್ತೆ."

"ಚಳೀಲಿ ಕರಗುತ್ತಾ? ನಾನೇ ಇಲ್ಲಿ ಹೆಪ್ಪುಗಟ್ಟೋ ಹಾಗಿದೀನಿ. ನಮ್ಮಪ್ಪ ಕರೆಂಟೇ ಇಲ್ದೆ ಇಡೀ ಜಿಂಕೇನ ಶೆಡ್ಡಲ್ಲಿ ನೇತುಹಾಕ್ತಿದ್ದ."

"ನಿಮ್ಮಪ್ಪನ ಕಾಲದ ಚಳಿ ಬಂದ್ರೆ ಕೂತ್ಕೊಳ್ತಿತ್ತು. ಈಗಿಂದು ಬಂದು ಮುಖ ತೋರಿಸಿ ಹೋಗುತ್ತೆ. ಈ ಫ್ರಿಜ್ಜು ಚಳಿ ಅಳೆಯೋದು ಕೆಳಗಿನ ಖಾನೇಲಿ ಮಾತ್ರ ಕಣಯ್ಯ. ಗ್ಯಾರೇಜೇ ತಣ್ಣಗಿದ್ರೆ, ಕೆಲಸ ಮುಗೀತು ಅಂತ ಮೋಟಾರು ಸುಮ್ನಾಗುತ್ತೆ. ಮಾಂಸ ಗಟ್ಟಿಯಾಗಿರೋಕೆ ಅಷ್ಟು ಚಳಿ ಸಾಲಲ್ಲ, ಆದ್ರೆ ಮೇಲಿರೋ ಮಾಂಸದ ಗತಿ ಅದಕ್ಕೆ ಗೊತ್ತೇ ಆಗಲ್ಲ."

ರೌನೊ ನಕ್ಕುಬಿಟ್ಟ. ಆಯ್ಲಿ ವಾದಕ್ಕಿಳಿಯಲಿಲ್ಲ. ಮನೆಯಿಂದ ಒಂದು ಲೋಟದಲ್ಲಿ ಹೆಪ್ಪುಗಟ್ಟಿದ ನೀರು ತಂದು, ಮೇಲೊಂದು ನಾಣ್ಯವಿಟ್ಟು, ಪೊಟ್ಟಣಗಳ ಪಕ್ಕ ಇರಿಸಿದಳು. ಮಂಜುಗಡ್ಡೆ ಕರಗಿದರೆ ನಾಣ್ಯ ಮುಳುಗುತ್ತದೆ, ಆಗ ನೀನೇ ನೋಡುವೆಯಂತೆ ಅಂದು ಹೋದಳು.

ತಿಂಗಳ ಕೊನೆಗೆ ಬಿಸಿಲು ಬಂತು, ಸೂರಿನಿಂದ ಹಿಮ ತೊಟ್ಟಿಕ್ಕತೊಡಗಿತು. ಗ್ಯಾರೇಜಿನಲ್ಲಿ ಇನ್ನೂ ಕೋಟು ಬೇಕಾಗುವಷ್ಟು ಚಳಿಯಿತ್ತು. ಆದರೂ ಫ್ರೀಜರ್ ತೆಗೆದರೆ ನಾಣ್ಯ ಲೋಟದ ತಳದಲ್ಲಿತ್ತು. ಪೊಟ್ಟಣಗಳು ಮೆತ್ತಗಾಗಿ ರಕ್ತ ಒಸರುತ್ತಿದ್ದವು. ಕಿರ್ಸ್ತಿ ತಾನೇ ಜೋಡಿಸಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಅವಳು ಬೈದಿದ್ದರೆ ರೌನೊಗೆ ಅಷ್ಟು ನೋಯುತ್ತಿರಲಿಲ್ಲ.

ಆಯ್ಲಿ ಬಂದು ಒಂದೊಂದನ್ನೂ ಒತ್ತಿ ನೋಡಿದಳು. ನಡುವೆ ಇನ್ನೂ ಮಂಜುಗಡ್ಡೆಯಿತ್ತು, ಇವತ್ತೇ ಬೇಯಿಸಿದರೆ ತಿನ್ನಬಹುದು ಅಂದಳು. ಕ್ರಿಸ್‌ಮಸ್ಸಿನ ಜಿಂಕೆ ಹೀಗೆ ಮಾಮೂಲಿ ಮಂಗಳವಾರ ಬೀದಿಯವರ ಹೊಟ್ಟೆ ಸೇರಿತು. ಎಲ್ಲರೂ ಕಿರ್ಸ್ತಿಯನ್ನು ಹೊಗಳಿದರು. ರೌನೊ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಅಮ್ಮ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ಲು. ಮೊಮ್ಮಗಳ ಊಟ ಕೆಡಿಸೋಕೆ ನನ್ನ ಫ್ರಿಜ್ಜೇ ಬೇಕಿತ್ತಾ ಅಂತ."

ಮಾರನೆಯ ದಿನ ಅಪ್ಪ ಮಗಳು ಅಂಗಡಿಗೆ ಹೋಗಿ, ಬಿಸಿಯಿಲ್ಲದ ಗ್ಯಾರೇಜಿಗೆಂದೇ ಮಾಡಿದ ಪೆಟ್ಟಿಗೆ ಫ್ರೀಜರ್ ತಂದರು. ಅಮ್ಮನ ಫ್ರಿಜ್ಜು ಮನೆಯೊಳಗೆ ಹೋಯಿತು.

ಓದುಗರೇ, ಫ್ರೀಜರ್ ಕೊಳ್ಳುವ ಮುನ್ನ ನೀವೂ ಕೇಳಿ: ಇದು ಗ್ಯಾರೇಜಿಗೆ ಆಗುತ್ತದೆಯೇ, ಎಷ್ಟು ಚಳಿಯವರೆಗೆ ನಡೆಯುತ್ತದೆ? ಉತ್ತರವನ್ನು ಅದರ ಕೈಪಿಡಿಯಲ್ಲೂ ಓದಿ. ಒಳಗೊಂದು ಉಷ್ಣಮಾಪಕ ಇಡಿ. ಅಮ್ಮನ ಫ್ರಿಜ್ಜಿನ ಮೇಲೆ ಪ್ರೀತಿಯಿದ್ದರೆ ಅದನ್ನು ಮನೆಯೊಳಗೆ ಬೆಚ್ಚಗಿಡಿ. ಮಕ್ಕಳ ಊಟವನ್ನು ಮಾತ್ರ ನೆನಪಿನ ಕೈಗೆ ಒಪ್ಪಿಸಬೇಡಿ.