ನದಿಯ ನಡುವಿನವರೆಗೆ

"ಕಾರಣ ಬೇಕಾಗುತ್ತದೆ, ಮ್ಯಾಡಮ್. ಯಾರಾದರೂ ನಿಮ್ಮನ್ನು ಕೊಲ್ಲುವುದಾಗಿ ಹೆದರಿಸಿದ್ದಾರೆಯೇ?"

"ಇಲ್ಲ. ನಮ್ಮ ತಾಯಿ ತೀರಿಕೊಂಡಿದ್ದಾರೆ," ಎಂದಳು ದೇಚಮ್ಮ.

ಫೋನಿನ ಆ ತುದಿಯಲ್ಲಿದ್ದ ಊರಿನ ಪೊಲೀಸ್ ಮುಖ್ಯಸ್ಥ ಸುಮ್ಮನೆ ಕೆಮ್ಮಿದ. ತಾಯಿಯ ಸಾವಿಗೂ ರಿವಾಲ್ವರಿನ ಪರ್ಮಿಟ್ಟಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಅವನಿಗೆ ಹೊಳೆಯಲಿಲ್ಲ. ಪಾಪ, ಹೊಳೆಯುವುದಾದರೂ ಹೇಗೆ? ನ್ಯೂಜೆರ್ಸಿಯ ಈ ಮಾನ್ಮತ್ ಜಂಕ್ಷನ್ನಿನಲ್ಲಿ ಅವನ ಪಾಲಿಗೆ ಬಂದ ಮೊದಲ ಕೊಡಗಿನ ಹೆಣ್ಣು ಇವಳೇ ಇದ್ದಿರಬೇಕು.

ದೇಚಮ್ಮ ಸೋಫಾದ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಜನವರಿಯ ಕೊನೆಯಲ್ಲಿ ಡ್ರೈವ್‌ವೇನಲ್ಲಿ ಐಸ್ ಮೇಲೆ ಜಾರಿ ಬಿದ್ದು, ತೊಡೆಯಿಂದ ಹೆಬ್ಬೆರಳಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅದು ಎಪ್ಪತ್ತನಾಲ್ಕರ ಚಳಿಗಾಲ. ವಿಮಾನ ಹತ್ತುವ ಮಾತು ಹಾಗಿರಲಿ, ಕಾರಿನಲ್ಲಿ ತೂರಿಸಲೂ ಆಗದ ಕಾಲು. ಅಂಥ ಹೊತ್ತು ನೋಡಿಕೊಂಡೇ ವಿರಾಜಪೇಟೆಯಿಂದ ಅಣ್ಣನ ಟ್ರಂಕ್‌ಕಾಲ್ ಬಂದಿತ್ತು. ಕರಕರ ಸದ್ದಿನ ನಡುವೆ "ಅವ್ವ ಹೋದಳು" ಎಂದಷ್ಟೇ ಕೇಳಿಸಿತು. ಇವಳು ದಿನಸಿ ಅಂಗಡಿಯವನಿಗೆ ಹೇಳುವಂತೆ "ಹೂಂ, ಹೂಂ" ಎಂದು ಫೋನಿಟ್ಟಿದ್ದಳು. ಆಮೇಲೆ ಒಂದು ತೊಟ್ಟು ಕಣ್ಣೀರೂ ಬಂದಿರಲಿಲ್ಲ. ತನಗೇ ತನ್ನ ಮೇಲೆ ಭಯವಾಗುವಷ್ಟು ಒಣಗಿ ಹೋಗಿದ್ದಳು.

ಅವಳ ಕಡೆ ಸಾವು ಬಾಯಿಮಾತಿನಲ್ಲಿ ಬರುವುದಿಲ್ಲ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಎರಡು ಕೇಳಿಸಿತೆಂದರೆ ಸುತ್ತಲಿನವರು ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ಹೊರಡುತ್ತಾರೆ. ಚಿಕ್ಕಂದಿನಲ್ಲಿ ಒಂದು ಗುಂಡು ಹಾರಿದೊಡನೆ ದೇಚಮ್ಮ ಉಸಿರು ಬಿಗಿಹಿಡಿದು, ಇನ್ನೊಂದು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಬಂತೆಂದರೆ ಮುಗಿಯಿತು, ಅಳುವುದೊಂದೇ ಬಾಕಿ.

"ನಿಮ್ಮಣ್ಣ ಅಲ್ಲಿ ಹಾರಿಸೇ ಇರ್ತಾರಲ್ಲ ದೇಚು," ಎಂದಿದ್ದ ಗಂಡ ದಿವಾಕರ. ಮೈಸೂರಿನ ಪುರೋಹಿತರ ಮನೆಯ ಹುಡುಗ, ಔಷಧ ಕಂಪನಿಯಲ್ಲಿ ಕೆಮಿಸ್ಟು, ದೀಪಾವಳಿಯ ಲಕ್ಷ್ಮೀಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಆಸಾಮಿ.

"ನಾನು ಕೇಳಿಲ್ವಲ್ಲ ರೀ."

ಅಷ್ಟೇ ಅವಳ ಆಸೆ. ಎರಡು ಗುಂಡು ಕೇಳಬೇಕು, ಕೇಳಿ ಅಳಬೇಕು.

ಬಂದೂಕಿಗೇನೂ ಬರವಿರಲಿಲ್ಲ. ನ್ಯೂಯಾರ್ಕ್ ಕಡೆಯ ಹಿಕ್ಸ್‌ವಿಲ್‌ನಲ್ಲಿದ್ದ, ಕೊಡಗಿನವರೇ ಆದ ಬೆಳ್ಯಪ್ಪ ಅಂಕಲ್ ಮ್ಯಾನ್‌ಹಟನ್ನಿನಲ್ಲಿ ಹರಳು ವ್ಯಾಪಾರ ಮಾಡುತ್ತಿದ್ದರು. ಕೋಟಿನೊಳಗೆ ರಿವಾಲ್ವರ್ ಇಟ್ಟುಕೊಂಡು ಓಡಾಡಲು ನ್ಯೂಯಾರ್ಕಿನ ಪರ್ಮಿಟ್ ಇತ್ತು. "ಪೆಟ್ರೋಲ್ ಕ್ಯೂನಲ್ಲಿ ನಿಂತು ಟ್ಯಾಂಕ್ ತುಂಬಿಸ್ಕೊಂಡು ಬರ್ತೀನಿ ಮಗಳೇ. ನಿಮ್ಮ ಮನೆ ಹಿಂದೆ ಬರೀ ಆಲೂಗಡ್ಡೆ ಹೊಲ. ಎರಡು ಹಾರಿಸಿ, ಕಾಫಿ ಕುಡಿದು ವಾಪಸ್," ಎಂದಿದ್ದರು.

ತಕರಾರು ತೆಗೆದವನು ದಿವಾಕರ. ನ್ಯೂಯಾರ್ಕಿನ ಪರ್ಮಿಟ್ ನ್ಯೂಜೆರ್ಸಿಯಲ್ಲಿ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸೋಣ ಎಂದ. ದೇಚಮ್ಮನಿಗೆ ನಗು ಬಂದಿತ್ತು. ಕೊಡವರಿಗೆ ಲೈಸೆನ್ಸ್ ಬೇಡವೆಂದು ದಿಲ್ಲಿಯೇ ಹೇಳಿಬಿಟ್ಟಿದೆ, ಅದನ್ನು ಯಾವ ಊರಿನ ಅಮಲ್ದಾರನೂ ತಡೆಯುವಂತಿಲ್ಲ. ಇಲ್ಲಿಯೂ ದೊಡ್ಡ ಸರ್ಕಾರವನ್ನು ಕೇಳಿದರಾಯಿತು, ಚಿಕ್ಕವರೆಲ್ಲ ತೆಪ್ಪಗಾಗುತ್ತಾರೆ ಎಂದುಕೊಂಡು ನೆವಾರ್ಕಿನ ಫೆಡರಲ್ ಕಚೇರಿಗೇ ಫೋನು ತಿರುಗಿಸಿದಳು. ಬಂದೂಕಿನ ಮೇಲೆ ವಾಷಿಂಗ್‌ಟನ್ನಿನ ಕಾನೂನೂ ಇದೆ, ಆದರೆ ಒಯ್ಯುವ ಪರ್ಮಿಟ್ ಕೊಡುವುದು ನಾವಲ್ಲ, ನಿಮ್ಮ ರಾಜ್ಯವನ್ನು ಕೇಳಿ ಎಂದರು. ರಾಜ್ಯದವರು ಊರಿನ ಪೊಲೀಸರನ್ನು ಕೇಳಿ ಎಂದರು. ಸರ್ಕಾರ ಹೀಗೆ ಒಂದೊಂದೇ ಮೆಟ್ಟಿಲು ಇಳಿದಿಳಿದು, ಕೊನೆಗೆ ಈ ಕೆಮ್ಮುವ ಮನುಷ್ಯನ ಮೇಜಿಗೆ ಬಂದು ಕೂತಿತ್ತು.

ಅವನೇನೂ ಕೆಟ್ಟವನಲ್ಲ. ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದ. "ನನ್ನ ತಾಯಿಯೂ ಹೋದ ವರ್ಷ ಹೋದರು," ಎಂದ. "ಆದರೆ ನಾನು ಒಪ್ಪಿದರೂ ಜಡ್ಜ್ ಒಪ್ಪಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಅಂಕಲ್ ಅವರ ಪರ್ಮಿಟ್ ನ್ಯೂಯಾರ್ಕಿಗೂ ನಮಗೂ ಗಡಿಯಾದ ನದಿಯ ನಡುವಿನವರೆಗೆ ಮಾತ್ರ, ಮ್ಯಾಡಮ್. ಅದರಿಂದೀಚೆಗೆ ಬಂದರೆ ಅವರನ್ನು ನಾನೇ ಅರೆಸ್ಟ್ ಮಾಡಬೇಕಾಗುತ್ತದೆ."

ಆ ಸಂಜೆ ಬೆಳ್ಯಪ್ಪ ಫೋನು ಮಾಡಿದಾಗ ದೇಚಮ್ಮ ಎಲ್ಲವನ್ನೂ ಹೇಳಿದಳು.

"ಅವನ ತಲೆ! ಕೋಟಿನೊಳಗೆ ಇರೋದು ಸೇತುವೆಗೆ ಕಾಣ್ಸುತ್ತಾ? ಬಂದೇ ಬರ್ತೀನಿ."

ಬನ್ನಿ ಅಂಕಲ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ದಿವಾಕರ ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ.

"ಬೇಡ ಅಂಕಲ್," ಎಂದಳು. "ಸಿಕ್ಕಿಬಿದ್ರೆ ನಿಮ್ಮ ಪರ್ಮಿಟ್ ಹೋಗುತ್ತೆ, ಅಂಗಡಿ ಹೋಗುತ್ತೆ. ಅವ್ವನ ಹೆಸರಲ್ಲಿ ಅದೆಲ್ಲ ಬೇಡ."

ಬೆಳ್ಯಪ್ಪ ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಇದ್ದಕ್ಕಿದ್ದಂತೆ ಗೊಣಗಾಟ ನಿಂತಿತು. "ರಿವಾಲ್ವರ್ ದಾಟೋ ಹಾಗಿಲ್ಲ, ಸರಿ. ಸದ್ದಿಗೂ ಪರ್ಮಿಟ್ ಬೇಕಂತಾ? ನಾಡಿದ್ದು ಶನಿವಾರ ಬೆಳಿಗ್ಗೆ ಮನೇಲೇ ಇರು."

"ಇನ್ನೆಲ್ಲಿಗೆ ಹೋಗ್ಲಿ ಅಂಕಲ್, ಈ ಕಾಲು ಕಟ್ಕೊಂಡು?"

ಶನಿವಾರ ದೇಚಮ್ಮ ಎದ್ದು ತಲೆಗೆ ಸ್ನಾನ ಮಾಡಿ, ದಿವಾಕರನ ಭುಜ ಹಿಡಿದು ನಿಂತು, ಬಿಳಿ ಸೀರೆಯನ್ನು ಕೊಡಗಿನ ರೀತಿ ನೆರಿಗೆ ಹಿಂದಕ್ಕೆ ಬರುವಂತೆ ಉಟ್ಟಳು. ಪ್ಲಾಸ್ಟರಿನ ಮೇಲೆ ನೆರಿಗೆ ಕೂರಲೇ ಇಲ್ಲ. ಫೋನು ಗಣಗಣಿಸಿದಾಗ ದಿವಾಕರ ರೇಡಿಯೋ ಆರಿಸಿದ, ಫ್ರಿಜ್ಜಿನ ಗುಂಯ್‌ ಸದ್ದು ಅಡ್ಡ ಬರಬಾರದೆಂದು ಅದರ ಪ್ಲಗ್ಗನ್ನೂ ಕಿತ್ತ.

"ಗನ್ ಕ್ಲಬ್ಬಿಂದ ಮಾತಾಡ್ತಿದೀನಿ," ಎಂದರು ಬೆಳ್ಯಪ್ಪ. "ಇಲ್ಲಿ ಬಯಲಲ್ಲಿ ಗುರಿ ಹೊಡೆಯೋರೆಲ್ಲ ಒಂದ್ನಿಮಿಷ ನಿಲ್ಲಿಸ್ತೀವಿ ಅಂದ್ರು. ವಿಷಯ ಹೇಳ್ದೆ, ಒಳ್ಳೆ ಜನ. ನಿಮ್ಮ ಆಂಟಿ ಇಲ್ಲಿ ಕಿಟಕೀಲಿ ಫೋನು ಹಿಡ್ಕೊಂಡಿರ್ತಾಳೆ. ರೆಡಿನಾ?"

"ಹೂಂ."

ರಿಸೀವರಿನಲ್ಲಿ ಗಾಳಿ ಬೀಸುವುದು ಕೇಳಿಸಿತು. ಆಂಟಿಯ ಬಳೆ ಎಲ್ಲಿಗೋ ತಗುಲಿತು. ಆಮೇಲೆ ಒಂದು ಗುಂಡು.

ಸಣ್ಣ ಸದ್ದು. ಒಣ ಕಡ್ಡಿ ಮುರಿದಷ್ಟೇ. ದೇಚಮ್ಮ ಉಸಿರು ಬಿಗಿಹಿಡಿದಳು. ಅವ್ವ ಇನ್ನೂ ಇದ್ದಳು. ಎಲ್ಲೋ ಗಂಡು ಮಗು ಹುಟ್ಟಿದೆ ಎಂದುಕೊಳ್ಳಲೂ ಇನ್ನೂ ಅವಕಾಶವಿತ್ತು.

ಎರಡನೆಯದೂ ಹಾರಿತು.

ಫೋನು ಕೈ ಬದಲಾಯಿತು. "ಕೇಳಿಸ್ತಾ ಮಗಳೇ?" ಬೆಳ್ಯಪ್ಪ ಏದುಸಿರು ಬಿಡುತ್ತಿದ್ದರು.

ರಿಸೀವರಿನ ಬಳಿ ಕಿವಿಗೊಟ್ಟು ನಿಂತಿದ್ದ ದಿವಾಕರನಿಗೂ ಎರಡೂ ಕೇಳಿಸಿದ್ದವು. ಅವನು ಅವಳ ಹೆಗಲ ಮೇಲೆ ಕೈಯಿಟ್ಟ.

"ಇಲ್ಲ ಅಂಕಲ್," ಎಂದಳು ದೇಚಮ್ಮ. "ನನಗೆ ಒಂದೇ ಕೇಳಿಸಿದ್ದು."

ದಿವಾಕರ ಬಾಯಿ ತೆರೆದವನು ಹಾಗೇ ಮುಚ್ಚಿದ.

"ಲೈನ್ ಸರಿಯಿಲ್ಲ ಅನ್ಸುತ್ತೆ," ಎಂದರು ಬೆಳ್ಯಪ್ಪ.

"ಹೂಂ. ಲೈನ್ ಸರಿಯಿಲ್ಲ."

ಇನ್ನೊಮ್ಮೆ ಹಾರಿಸುತ್ತೇನೆ ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರೂ ಫೋನನ್ನೂ ಇಡಲಿಲ್ಲ. ಬೆಳ್ಯಪ್ಪನವರ ಬೆನ್ನ ಹಿಂದೆ, ಕಾದು ನಿಂತಿದ್ದವರು ಮತ್ತೆ ಗುರಿಯಾಟ ಶುರು ಮಾಡಿದರು. ಒಂದರ ಮೇಲೊಂದು, ಯಾರ ಹೆಸರಿನದೂ ಅಲ್ಲದ ಗುಂಡುಗಳು. ದೇಚಮ್ಮ ರಿಸೀವರನ್ನು ಕಿವಿಗೆ ಒತ್ತಿಕೊಂಡು ಅವನ್ನು ಕೇಳುತ್ತಾ ಕೂತಳು.