ಅಂಟಿಸಿದ ಉಗುರು

ಸ್ಪೇನಿನಲ್ಲಿ ಹುಟ್ಟದವನು ಫ್ಲಮೆಂಕೊ ಗಿಟಾರ್ ನುಡಿಸಬಹುದೇ ಎಂಬ ಪ್ರಶ್ನೆಗೆ ಬೇಲೂರಿನ ರಘುರಾಮನ ಹತ್ತಿರ ಖಡಾಖಂಡಿತ ಉತ್ತರವಿತ್ತು. ನುಡಿಸಬಹುದು, ಆದರೆ ಅದು ಫ್ಲಮೆಂಕೊ ಆಗುವುದಿಲ್ಲ. ರಘುರಾಮ ದೇವಸ್ಥಾನದ ಗೈಡು. ಪ್ರವಾಸಿಗರಿಗಾಗಿ ಸ್ಪ್ಯಾನಿಷ್ ಕಲಿತ, ಕಲಿಯುತ್ತಾ ಆ ದೇಶದ ಹಾಡುಗಳನ್ನು ಕೇಳಿದ, ಕೇಳಿದ್ದೇ ತಡ ಅದರ ಬಗ್ಗೆ ತೀರ್ಪು ಕೊಡುವ ಅಧಿಕಾರವೂ ತನಗೆ ಬಂದುಬಿಟ್ಟಿತು ಅಂದುಕೊಂಡ. ಅವನಿಗೆ ಒಂದು ತಂತಿ ಮೀಟಲೂ ಬಾರದು. ಇಂಥವರ ಅಭಿಪ್ರಾಯಕ್ಕೇ ಜೋರು ಜಾಸ್ತಿ.

"ನೋಡಯ್ಯಾ ಧರಣೇಶ," ಎನ್ನುತ್ತಿದ್ದ. "ಅದು ದಕ್ಷಿಣ ಸ್ಪೇನಿನ ಕಮ್ಮಾರರು, ಅಲೆಮಾರಿಗಳು ಹೊಟ್ಟೆ ಉರಿದು ಹಾಡಿದ್ದು. ತಾತನಿಂದ ಮೊಮ್ಮಗನಿಗೆ ಬರೋದು. ನಾಳೆ ಒಬ್ಬ ಸ್ಪೇನಿನವನು ಬಂದು ನಮ್ಮ ದೇವಸ್ಥಾನದಲ್ಲಿ ಹೇಳೋ ಸ್ತೋತ್ರಪಾಠ ಎಲ್ಲಾ ತಪ್ಪಿಲ್ಲದೆ ಒಪ್ಪಿಸಿದ ಅಂತಿಟ್ಕೋ. ದೇವರ ಮುಂದೆ ಪಾಠ ಹೇಳೋ ನಮ್ಮ ಗೋಷ್ಠೀಲಿ ನಿಲ್ಲಿಸ್ಕೊತೀವಾ? ನಿಲ್ಲಿಸ್ಕೊಳಲ್ಲ. ಅಷ್ಟೇ."

ಧರಣೇಶ ಅದನ್ನು ಕೇಳಿಸಿಕೊಂಡು ಮನೆಗೆ ಹೋಗಿ ಮತ್ತೆ ಗಿಟಾರೇ ಹಿಡಿಯುತ್ತಿದ್ದ. ಹಳೇಬೀಡಿನ ಬಸದಿಗಳ ಹತ್ತಿರದ ಬೀದಿಯಲ್ಲಿ ಅವನ ಮನೆ. ಅಪ್ಪ ತೀರಿಕೊಂಡ ಮೇಲೆ ತಾಯಿ ತ್ರಿಶಲಮ್ಮ ಮತ್ತು ಅವನು, ಇಬ್ಬರೇ. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ದಿನವೂ ಬಾಣಾವರದ ಮೇಲೆ ಬಸ್ಸು, ಸಂಜೆ ಬಂದು ಗಿಟಾರು. ಫೋನಿನಲ್ಲಿ ನೋಡಿ, ಕೇಳಿ, ನಿಲ್ಲಿಸಿ, ಮತ್ತೆ ಕೇಳಿ ಕಲಿತ ವಿದ್ಯೆ. ಕಾಲೇಜಿನಲ್ಲಿ ಹಿಡಿದ ಹುಚ್ಚು ನಲವತ್ತು ಹತ್ತಿರವಾದರೂ ಬಿಟ್ಟಿರಲಿಲ್ಲ. ನುಡಿಸಿದ್ದನ್ನು ಇಂಟರ್‌ನೆಟ್ಟಿಗೆ ಹಾಕಿದರೆ ಯಾರ್ಯಾರೋ ಬರೆಯುತ್ತಿದ್ದರು: ಬೆರಳು ಸರಿಯಾಗಿದೆ, ರಕ್ತ ಇಲ್ಲ. ಜಪಾನಿನವರಿಗೂ ಹೀಗೇ ಬರೆಯುತ್ತಾರೆ, ಜರ್ಮನಿಯವರಿಗೂ ಹೀಗೇ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆದರೂ ಮುಳ್ಳು ಮುರಿದು ಒಳಗೇ ಉಳಿದಿತ್ತು. ಅಲ್ಲಿಯವರೊಬ್ಬರು, ಒಬ್ಬರೇ ಸಾಕು, ಎದುರಿಗೆ ಕೂತು ಕೇಳಿ 'ನೀನೂ ನಮ್ಮವನೇ' ಅನ್ನಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಆ ಒಬ್ಬರು ಏಪ್ರಿಲ್‌ನಲ್ಲಿ ಸಿಕ್ಕರು. ಇನ್ಯಾಕಿ ಎಂಬ ಸ್ಪೇನಿನ ಗಿಟಾರ್ ಮೇಷ್ಟ್ರು ಗುಡಿ ನೋಡಲು ಬೇಲೂರಿಗೆ ಬರುತ್ತಾರೆ, ರಘುರಾಮನೇ ಗೈಡು. ಭಾನುವಾರ ಮಧ್ಯಾಹ್ನ ತನ್ನ ಮನೆಯಲ್ಲಿ ಕೂರಿಸಿ ಕೇಳಿಸುತ್ತೇನೆ ಎಂದ. "ನಾನು ಹೇಳಿದ್ರೆ ಮುನಿಸ್ಕೊತೀಯ. ಅಸಲಿ ಆಸಾಮಿ ಬಾಯಲ್ಲೇ ಕೇಳ್ಕೋ."

ಆದರೆ ಗುರುವಾರ ಮಂಡಿಯಲ್ಲಿ ಗೋಣಿಚೀಲದ ಹೊಲಿಗೆಗೆ ಸಿಕ್ಕಿ ಧರಣೇಶನ ಬಲಗೈ ಹೆಬ್ಬೆರಳಿನ ಬೆಳೆದ ಉಗುರು ಮಾಂಸದವರೆಗೂ ಮುರಿದುಹೋಯಿತು. ಈ ವಾದನದಲ್ಲಿ ಬಲಗೈ ಉಗುರೇ ಸರ್ವಸ್ವ, ಅದರಲ್ಲೂ ಹೆಬ್ಬೆರಳು. ಅದಕ್ಕಾಗಿಯೇ ಅವನು ಆ ಕೈಯ ಉಗುರು ಬೆಳೆಸಿದ್ದು, ಮಂಡಿಯವರ ಕೈಲಿ "ಏನ್ಲಾ, ಮದ್ವೆ ಹೆಣ್ಣಾ ನೀನು?" ಅನ್ನಿಸಿಕೊಂಡದ್ದು. ಗಿಟಾರಿನವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಅವನೂ ಮಾಡಿದ. ಪಿಂಗ್‌ಪಾಂಗ್ ಚೆಂಡಿನಿಂದ ಉಗುರಿನಾಕಾರದ ಒಂದು ಚೂರು ಕತ್ತರಿಸಿ, ಉಜ್ಜಿ, ಗೋಂದು ಹಾಕಿ ಬೆರಳಿಗೆ ಅಂಟಿಸಿಕೊಂಡ. ನೋಡಿದವರಿಗೆ ಉಗುರೇ.

ಶನಿವಾರ ಸಂಜೆ ಬಸದಿಗೆ ದಿಗಂಬರ ಮುನಿಗಳೊಬ್ಬರು ಬಂದಿಳಿದರು. ಬಿಸಿಲಿನಲ್ಲಿ ಹಾಸನದ ಕಡೆಯಿಂದ ನಡೆದು ಬಂದಿದ್ದರು, ಅಂದು ಅವರಿಗೆ ಉಪವಾಸ. ಮುನಿಗಳದ್ದು ದಿನಕ್ಕೆ ಒಂದೇ ಹೊತ್ತು, ನಿಂತು, ಬೊಗಸೆಯಲ್ಲಿ. ನೀರೂ ಆಗಲೇ ಕುಡಿಯಬೇಕು. ತಮ್ಮ ಮನೆಯಲ್ಲಿ ಒಮ್ಮೆ ಮುನಿಗಳಿಗೆ ಆಹಾರವಾಗಲಿ ಎಂಬುದು ತ್ರಿಶಲಮ್ಮನ ಬಹಳ ವರ್ಷಗಳ ಆಸೆ. ಬೀದಿಯ ಹಿರಿಯರಾದ ವಿಮಲನಾಥರು ಮನೆಮನೆಗೂ ಬಂದು, ಅಡುಗೆ ಹೇಗಿರಬೇಕು, ಮಡಿ ಹೇಗಿರಬೇಕು ಎಂದು ಹೇಳಿ ಹೋದರು. ಆಹಾರ ಕೊಡುವವರು ಉಗುರು ತೆಗೆದಿರಬೇಕು ಎಂಬುದೂ ಅದರಲ್ಲಿತ್ತು.

"ತೆಗ್ದುಬಿಡೋ ಮಗಾ," ಎಂದಳು ತ್ರಿಶಲಮ್ಮ.

"ನಾಳೆ ಮಧ್ಯಾಹ್ನ ಬೇಲೂರಿನದು ಐತಲ್ಲಮ್ಮ. ಅದು ಮುಗಿದ ತಕ್ಷಣ ತೆಗೀತೀನಿ. ನಾನು ಬಾಗಿಲಲ್ಲಿ ನಿಂತ್ಕೊತೀನಷ್ಟೇ. ಆಹಾರಕ್ಕೆ ಕೈ ಹಾಕಲ್ಲ."

ತಾಯಿ ಮಗನ ಮುಖ ನೋಡಿದಳು. ಅವನಿಗೆ ಆ ಮಧ್ಯಾಹ್ನ ಎಷ್ಟು ದೊಡ್ಡದು ಎಂದು ಅವಳಿಗೆ ಗೊತ್ತಿತ್ತು. "ಆಯ್ತು ಬಿಡು, ನಿನ್ನಿಷ್ಟ. ನಮ್ಮನೆ ಬೀದಿಯ ತುದೀಲೈತೆ, ಅಷ್ಟು ದೂರ ಎಲ್ಲಿ ಬತ್ತಾರೆ," ಎಂದು ತಾನೇ ಅವನಿಗೊಂದು ದಾರಿ ಮಾಡಿಕೊಟ್ಟಳು. ಹೆಬ್ಬೆರಳಿನದು ಅಂಟಿಸಿದ್ದು ಎಂಬುದನ್ನು ಧರಣೇಶ ಹೇಳಲಿಲ್ಲ. ಉಗುರೇ ಅಲ್ಲದ್ದನ್ನು ಉಗುರಿನ ಲೆಕ್ಕಕ್ಕೆ ಯಾಕೆ ಸೇರಿಸಬೇಕು ಎಂದುಕೊಂಡ.

ಆಹಾರಕ್ಕೆ ಹೊರಡುವ ಮುನಿಗಳು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಇಂಥದ್ದನ್ನು ಹಿಡಿದು ನಿಂತವರ ಮನೆಯಲ್ಲಿ ಮಾತ್ರ ಆಹಾರ, ಇಲ್ಲದಿದ್ದರೆ ಉಪವಾಸ. ಆ ನಿಯಮವನ್ನು ಯಾರಿಗೂ ಹೇಳುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಬೀದಿಯ ಒಂದೊಂದು ಬಾಗಿಲಲ್ಲೂ ಒಂದೊಂದು ವಸ್ತು ಹಿಡಿದು ಜನ ಕಾದಿದ್ದರು. ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಒಬ್ಬರ ಕೈಯಲ್ಲಿ ಬಾಳೆಹಣ್ಣು, ಇನ್ನೊಬ್ಬರ ಕೈಯಲ್ಲಿ ಲವಂಗ. ತ್ರಿಶಲಮ್ಮ ಕಲಶ ಹಿಡಿದಿದ್ದಳು. ಧರಣೇಶನ ಕೈಗೆ ಎರಡು ಮಾವಿನಹಣ್ಣು ಕೊಟ್ಟಿದ್ದಳು.

ಮುನಿಗಳು ಒಂದೊಂದೇ ಮನೆ ದಾಟಿ ಬಂದರು. ತುದಿಯ ಮನೆಯ ಮುಂದೆ, ಮಾವಿನಹಣ್ಣು ನೋಡಿ, ನಿಂತರು.

ತ್ರಿಶಲಮ್ಮನ ಬಾಯಿಂದ "ನಮೋಸ್ತು, ನಮೋಸ್ತು" ಎಂಬುದು ಅಳುವಿನ ಜೊತೆಗೇ ಬಂತು. ತಾಯಿ ಮಗ ಮುನಿಗಳಿಗೆ ಮೂರು ಸುತ್ತು ಬಂದು ಒಳಗೆ ಕರೆದುಕೊಂಡು ಹೋದರು. ಮನೆಯ ಗಂಡಸು ಹೇಳಬೇಕಾದ ಮಾತನ್ನು ವಿಮಲನಾಥರು ಕಣ್ಸನ್ನೆಯಲ್ಲಿ ನೆನಪಿಸಿದರು. ಧರಣೇಶ ಕೈ ಮುಗಿದು ಹೇಳಿದ: ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ನೀರು ಶುದ್ಧ. ಮುಗಿದ ಕೈಯಲ್ಲಿ ಬಲ ಹೆಬ್ಬೆರಳನ್ನು ಒಳಗೆ ಮಡಚಿಟ್ಟುಕೊಂಡಿದ್ದ.

ಮುನಿಗಳು ನಿಂತು ಬೊಗಸೆ ಒಡ್ಡಿದರು. ಮೊದಲು ಕಾಯಿಸಿದ ನೀರು. ತ್ರಿಶಲಮ್ಮ ತಂಬಿಗೆ ಎತ್ತಿದಳು, ಆದರೆ ಕೈ ಎಷ್ಟು ನಡುಗಿತೆಂದರೆ ನೀರೆಲ್ಲ ನೆಲಕ್ಕೇ ಚೆಲ್ಲಿತು. ಎರಡನೆಯ ಸಲವೂ ಹಾಗೇ ಆಯಿತು. ಇಷ್ಟು ವರ್ಷ ಕಾದು ಕಾದು, ಬಂದ ಗಳಿಗೆಯಲ್ಲಿ ಅವಳ ಕೈಯೇ ಅವಳ ಮಾತು ಕೇಳಲಿಲ್ಲ. ಮೊದಲ ನೀರು ಮನೆಯವರೇ ಕೊಡಬೇಕು. ವಿಮಲನಾಥರು ಧರಣೇಶನ ಕಡೆ ನೋಡಿ ತಂಬಿಗೆ ತೋರಿಸಿದರು. ಅವನು ಆಗಲ್ಲ ಎನ್ನಬಹುದಿತ್ತು. ಒಡ್ಡಿದ ಬೊಗಸೆ ಕಣ್ಣೆದುರಿಗಿತ್ತು, ತಾಯಿ ಅಳುತ್ತಿದ್ದಳು, ಒಳಗೆ ಬಂದಿದ್ದ ಬೀದಿಯವರೆಲ್ಲ ಅವನನ್ನೇ ನೋಡುತ್ತಿದ್ದರು. ತಂಬಿಗೆ ತೆಗೆದುಕೊಂಡ.

ಒಂದು ಬೊಗಸೆ ನೀರು ಒಳಗೆ ಹೋಯಿತು. ಎರಡನೆಯದನ್ನು ಸುರಿಯುವಾಗ ತಂಬಿಗೆಯ ಬಿಸಿಗೂ ಹಬೆಗೂ ಗೋಂದು ಸಡಿಲಾಗಿ, ಹೆಬ್ಬೆರಳಿನ ಬಿಳಿ ಚೂರು ಕಳಚಿ ಮುನಿಗಳ ಬೊಗಸೆಯಲ್ಲಿ ಬಿತ್ತು.

ಮುನಿಗಳು ಅದನ್ನು ನೋಡಿದರು. ಕೈ ಬಿಡಿಸಿದರು. ನೀರು ನೆಲಕ್ಕೆ ಹರಿಯಿತು.

"ಅಂತರಾಯ," ಎಂದರು ವಿಮಲನಾಥರು, ತಮಗೇ ಹೇಳಿಕೊಂಡಂತೆ. ಆಹಾರದಲ್ಲಿ ಉಗುರೋ ಕೂದಲೋ ಕಂಡರೆ ಅಲ್ಲಿಗೆ ಆ ದಿನದ ಊಟ ಮುಗಿಯಿತು. ಇನ್ನು ನಾಳೆ ಬೆಳಗಿನವರೆಗೆ ಒಂದು ತೊಟ್ಟು ನೀರೂ ಇಲ್ಲ. ಮುನಿಗಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಮಂಡಲು, ನವಿಲುಗರಿಯ ಪಿಂಛಿ ತೆಗೆದುಕೊಂಡು ಬಂದ ದಾರಿಯಲ್ಲೇ ಬಿಸಿಲಿಗೆ ಇಳಿದರು.

ಧರಣೇಶ ಆ ಚೂರನ್ನು ಹಿಡಿದು, ಮುನಿಗಳ ಜೊತೆ ಹೊರಟ ವಿಮಲನಾಥರ ಹಿಂದೆಯೇ ಓಡಿದ. "ಇದು ಉಗುರಲ್ಲ ವಿಮಲಣ್ಣ! ಪ್ಲಾಸ್ಟಿಕ್ಕು! ಗಿಟಾರಿಗೆ ಅಂತ ಅಂಟಿಸ್ಕೊಂಡಿದ್ದು, ಚೆಂಡಿನ ಚೂರು ಇದು!"

ವಿಮಲನಾಥರು ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಅವರಿಗೂ ಸಂಕಟವಾಗಿತ್ತು. "ಉಗುರು ಅಂತ ತಾನೇ ಅಂಟಿಸ್ಕೊಂಡಿದ್ದು ನೀನು?" ಎಂದರು. "ಅವರ ಕಣ್ಣಿಗೂ ಉಗುರಾಗೇ ಕಾಣ್ತು. ಕೈ ಬಿಟ್ಟ ಮೇಲೆ ಮುಗೀತಪ್ಪ. ಅಸಲಿಯೋ ನಕಲಿಯೋ ಅಂತ ವಾದ ಮಾಡಿ ಅವರನ್ನ ವಾಪಸ್ ಕರ್ಕೊಂಡು ಬರೋಕಾಗಲ್ಲ."

ಬಸದಿಗೆ ಹೋಗಿ ಅಡ್ಡಬಿದ್ದ. ಮುನಿಗಳು ಬಲಗೈ ಎತ್ತಿ ಹರಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ತ್ರಿಶಲಮ್ಮ ಒಲೆ ಆರಿಸಿ ಕೂತಿದ್ದಳು. ತಮ್ಮ ಕೈಯಿಂದ ಅಂತರಾಯವಾಯಿತಲ್ಲ, ಆ ದಿನ ಅವಳಿಗೂ ಅನ್ನ ನೀರು ಬೇಡ. ಧರಣೇಶ ತನಗೂ ಬೇಡ ಎಂದ. ಅವಳು ಗಿಟಾರಿನ ಕಡೆ ಕೈ ತೋರಿಸಿ, "ಹೋಗು. ಇಲ್ಲಿ ಕೂತು ಏನ್ ಮಾಡ್ತೀಯ?" ಎಂದಳು. ಸಿಟ್ಟಿಲ್ಲದ ಆ ದನಿಯನ್ನು ಕೇಳುತ್ತಾ ಕೂರಲಾರದೆ ಅವನು ಬೇಲೂರಿನ ಬಸ್ಸು ಹತ್ತಿದ.

ರಘುರಾಮ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿ, ತೀರ್ಪಿನ ದಿನದ ಸಂಭ್ರಮದಲ್ಲಿ ಓಡಾಡುತ್ತಿದ್ದ. ಇನ್ಯಾಕಿ ಬಿಸಿಲಿಗೆ ಕೆಂಪಾದ, ಬೋಳುತಲೆಯ, ಸಂಕೋಚದ ಮನುಷ್ಯ. ಧರಣೇಶನಿಗೆ ನೀರಿನ ಬಾಟಲಿ ನೀಡಿದರು. ಬೇಡವೆಂದು ಕೈ ಮುಗಿದ. ಬಾಯಿ ಒಣಗಿತ್ತು. ಹೆಬ್ಬೆರಳಿನ ಬರಿಯ ಮಾಂಸದಲ್ಲೇ ನುಡಿಸಲು ಕೂತ. ದನಿ ಮಂಕಾಗಿ ಬಂತು, ತಾಳ ಎರಡು ಕಡೆ ಜಾರಿತು. ತಂತಿ ತಾಗಿದಾಗಲೆಲ್ಲ ಕಣ್ಣ ಮುಂದೆ ನೀರು ನೆಲಕ್ಕೆ ಹರಿಯುತ್ತಿತ್ತು. ಹೇಗೋ ಮುಗಿಸಿದ.

ರಘುರಾಮ ತಡೆಯಲಾರದೆ ಸ್ಪ್ಯಾನಿಷಿನಲ್ಲಿ ಕೇಳಿಯೇಬಿಟ್ಟ. "ಹೇಳಿ ಮೇಷ್ಟ್ರೇ. ಇದು ಫ್ಲಮೆಂಕೊ ಹೌದೋ ಅಲ್ಲವೋ?"

ಇನ್ಯಾಕಿ ಕುರ್ಚಿಯನ್ನು ಧರಣೇಶನ ಕಡೆ ತಿರುಗಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ, ಧರಣೇಶನಿಗೇ ಹೇಳಿದರು. "ಈ ಪ್ರಶ್ನೆ ನನ್ನನ್ನು ಕೇಳಬೇಡಿ. ನಾನು ಬಿಲ್ಬಾವೊದವನು, ಉತ್ತರದವನು. ನಮ್ಮಪ್ಪ ಹಡಗಿನ ಕಾರ್ಖಾನೆಯಲ್ಲಿದ್ದ. ದಕ್ಷಿಣಕ್ಕೆ ಹೋಗಿ ಇಪ್ಪತ್ತು ವರ್ಷ ನುಡಿಸಿದೆ. ಈಗಲೂ ಅಲ್ಲಿ ನಾನು ಮುಗಿಸಿದ ಮೇಲೆ ಯಾರಾದರೂ ಒಬ್ಬರು ಬಂದು ನಿನ್ನ ತಂದೆ ಯಾರು ಅಂತ ಕೇಳುತ್ತಾರೆ. ನಿಮ್ಮನ್ನು ಹೌದು ಅನ್ನಲು ನಾನು ಯಾರು? ಅಲ್ಲ ಅನ್ನಲು ಯಾರು?" ಎರಡೂ ಕೈ ಚೆಲ್ಲಿದರು. "ಕ್ಷಮಿಸಿ. ನಿಮಗೆ ಬೇಕಾದದ್ದು ನನ್ನ ಹತ್ತಿರ ಇಲ್ಲ."

ರಘುರಾಮನ ಮುಖ ನೋಡುವಂತಿತ್ತು. ಅಸಲಿ ಎಂದು ತಂದು ಕೂರಿಸಿದವನೇ ತಾನು ಅಸಲಿಯಲ್ಲ ಎಂದರೆ ಗೈಡು ಏನು ಮಾಡಬೇಕು? ಸುಮ್ಮನೆ ಕಾಫಿ ತರಲು ಒಳಗೆ ಎದ್ದುಹೋದ. ಬೇರೆ ದಿನವಾಗಿದ್ದರೆ ಧರಣೇಶನಿಗೆ ನಗು ಬರುತ್ತಿತ್ತು. ಈಗ ಇನ್ಯಾಕಿಯವರ ಮೇಲೆ ಸಿಟ್ಟೂ ಬರಲಿಲ್ಲ. ಬಾಗಿಲು ತೆಗೆಯುತ್ತಾರೆಂದು ಕಾದು ನಿಂತಿದ್ದರೆ, ಅವರೂ ಹೊರಗೇ ನಿಂತವರು. ಇದಕ್ಕಾಗಿ ಒಬ್ಬರ ಬೊಗಸೆಯ ನೀರನ್ನು ನೆಲಕ್ಕೆ ಚೆಲ್ಲಿಸಿದೆನಲ್ಲ ಎಂದುಕೊಂಡು ಗಿಟಾರನ್ನು ಚೀಲಕ್ಕೆ ಹಾಕಿದ.

ಹಳೇಬೀಡಿನಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ಹೊಸ್ತಿಲ ಒಳಗೆ ಗೋಡೆಗೆ ಒರಗಿದ್ದ ತ್ರಿಶಲಮ್ಮನ ತುಟಿ ಒಣಗಿ ಬಿಳಿಚಿಕೊಂಡಿತ್ತು.

"ಬಂದ್ಯಾ," ಎಂದಳು. "ಏನಂದ್ರು ಅವ್ರು? ನಮ್ಮೋನೇ ಅಂತ ಒಪ್ಕೊಂಡ್ರಾ?"

ಬಸ್ಸಿನುದ್ದಕ್ಕೂ ನಿಜ ಹೇಳಬೇಕೆಂದೇ ಅಂದುಕೊಂಡು ಬಂದಿದ್ದ. ಆ ಮುಖ ನೋಡಿದ ಮೇಲೆ ಆಗಲಿಲ್ಲ.

"ಹೂಂನಮ್ಮ. ಒಪ್ಕೊಂಡ್ರು."

ತ್ರಿಶಲಮ್ಮ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಯಿತು. "ಸದ್ಯ ಕಣಪ್ಪ. ಬೆಳಿಗ್ಗೆಯಿಂದ ಅದನ್ನೇ ಬೇಡ್ಕೊತಾ ಕೂತಿದ್ದೆ. ನನ್ನದು ಹೋದ್ರೂ ಹೋಗ್ಲಿ, ನಿಂದಾದ್ರೂ ಆಗ್ಲಿ ಅಂತ." ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಬೆಳಿಗ್ಗೆ ಎದ್ದು ಮೊದ್ಲು ಬಸದಿಗೆ ಹೋಗಾನ. ಮುನಿ ಮಹಾರಾಜ್ರಿಗೆ ನೀನೇ ಹೇಳು ಇದನ್ನ. ಅವ್ರು ಹಸ್ಕೊಂಡಿದ್ದು ಸುಮ್ನೆ ಹೋಗಿಲ್ಲ ಅಂತ ಅವ್ರಿಗೂ ಗೊತ್ತಾಗ್ಲಿ."